ಓನೆಸಿಮನ ಓಟು

ಸೇಂಟ್ ಜಾನ್ ನದಿಯ ಕಣಿವೆಯಲ್ಲಿ ಆಲೂಗಡ್ಡೆ ಬೆಳೆಯುವ ರೊಸೇರ್ ಡೈಗಲ್ ಜೀವಮಾನವಿಡೀ ಒಂದೇ ಮಾತನ್ನು ಸಾಧಿಸುತ್ತ ಬಂದಿದ್ದ: ದೇಶದಲ್ಲಿ ಯಾರಿಗೆ ಹೆಚ್ಚು ಜನ ಓಟು ಹಾಕುತ್ತಾರೋ ಅವರೇ ಅಧ್ಯಕ್ಷರಾಗಬೇಕು. ಪ್ರತಿ ಮಾರ್ಚಿನ ಊರಸಭೆಯಲ್ಲಿ ಅವನು ಎದ್ದು ನಿಂತರೆ ಸಾಕು, ಜನ ಕಾಫಿ ತರಲು ಏಳುತ್ತಿದ್ದರು.

ಈ ಸಲ ಆ ಮಾತು ಅವನ ಕೊರಳಿಗೇ ಸುತ್ತಿಕೊಂಡಿತ್ತು. ಅವನ ಅಭ್ಯರ್ಥಿಗೆ ದೇಶದಾದ್ಯಂತ ಎಂಟು ಲಕ್ಷ ಓಟು ಕಡಿಮೆ ಬಿದ್ದಿದ್ದವು. ಆದರೂ ಜನರ ಪರವಾಗಿ ಅಧ್ಯಕ್ಷರನ್ನು ಆರಿಸುವ ರಾಜ್ಯಗಳ ಪ್ರತಿನಿಧಿಗಳ, ಅಂದರೆ ಎಲೆಕ್ಟರುಗಳ, ಲೆಕ್ಕದಲ್ಲಿ ಅವರಿಗೆ ಇನ್ನೂರ ಎಪ್ಪತ್ತು, ಎದುರಾಳಿಗೆ ಇನ್ನೂರ ಅರವತ್ತೆಂಟು. ಮೇನ್ ರಾಜ್ಯದ ನಾಲ್ಕು ಎಲೆಕ್ಟರುಗಳಲ್ಲಿ ಮೂವರು ಎದುರು ಪಕ್ಷದವರು; ಉತ್ತರದ ಕ್ಷೇತ್ರವೊಂದು ಮಾತ್ರ ಬೇರೆಯಾಗಿ ನಿಂತು ರೊಸೇರನ ಪಕ್ಷವನ್ನು ಗೆಲ್ಲಿಸಿತ್ತು. ಆ ಕ್ಷೇತ್ರದ ಎಲೆಕ್ಟರ್ ರೊಸೇರನೇ. ಅವನ ಒಂದು ಓಟು ಆಚೆಗೆ ಸರಿದರೆ ಎರಡು ಕಡೆಗೂ ಸಮ. ಆಮೇಲೆ ಸಂಸತ್ತಿನ ಪಾಲಿಗೆ ತೀರ್ಮಾನ, ಅಲ್ಲಿ ಎದುರು ಪಕ್ಷದ ಬಲವೇ ಹೆಚ್ಚು.

"ಅಪ್ಪ, ಇಷ್ಟು ವರ್ಷ ಹೇಳಿದ್ದು ಸುಳ್ಳಾ?" ಎಂದು ಮಗಳು ಪೋರ್ಟ್‌ಲೆಂಡಿನಿಂದ ಫೋನಿನಲ್ಲಿ ಕೇಳಿದ್ದಳು.

ಎಲೆಕ್ಟರುಗಳು ಮತ ಹಾಕುವ ದಿನ ರಾಜಧಾನಿ ಆಗಸ್ಟಾಕ್ಕೆ ಹೊರಟಾಗ ಅವನ ಟ್ರಕ್ಕು ಸ್ಟಾರ್ಟ್ ಆಗಲಿಲ್ಲ. ಪಕ್ಕದ ಮನೆಯ ಕಾನ್‌ಸ್ಟನ್ಸ್ ವೆಲೆಟ್ ತನ್ನ ಕಾರಿನ ಬಾಗಿಲು ತೆರೆದಳು. ಅವಳೂ ಎಲೆಕ್ಟರ್, ಎದುರು ಪಕ್ಷದ ಮೂವರಲ್ಲಿ ಒಬ್ಬಳು. ಮೂರು ದಶಕಗಳಿಂದ ಪ್ರತಿ ಚುನಾವಣೆಯಲ್ಲೂ ಇಬ್ಬರೂ ಒಂದೇ ಬೀದಿಯ ಎರಡು ಬದಿಗಳಲ್ಲಿ ಬಾಗಿಲು ತಟ್ಟಿದವರು.

"ಹತ್ತೋ. ನಿನ್ನ ಟ್ರಕ್ಕಿಗೂ ಮನಸ್ಸಾಕ್ಷಿ ಚುಚ್ಚಿರ್ಬೇಕು," ಎಂದಳು.

"ಮೊದಲು ಹೀಟರ್ ಹಾಕೇ. ಉಪದೇಶ ಆಮೇಲೆ."

ಡಬ್ಬಿಯಲ್ಲಿ ತೂತುದೋಸೆಯಂಥ ಪ್ಲೋಯ್‌ಗಳಿದ್ದವು. ಬೆಣ್ಣೆ ಸವರಿ ಸುರುಳಿ ಮಾಡಿದ್ದಳು. ಪೈನ್ ಕಾಡಿನ ನಡುವೆ, ಬೆಳಕು ಹರಿದ ಮೇಲೆ, ಕುದುರೆಯೆತ್ತರದ ಕಡವೆಯಂಥ ಒಂದು ಮೂಸ್ ರಸ್ತೆಗೆ ಅಡ್ಡವಾಗಿ ನಿಂತಿತ್ತು. ಕಾನ್‌ಸ್ಟನ್ಸ್ ಕಾರು ನಿಲ್ಲಿಸಿದಳು. ಮೂಸ್ ನೋಡಿತು, ಕದಲಲಿಲ್ಲ.

"ಯಾವ ಪಕ್ಷದ್ದೋ ಇದು?"

"ಎಷ್ಟು ಹೇಳಿದ್ರೂ ಕೇಳದೆ ನಿಂತಿದೆ ಅಂದ್ರೆ ನಿಮ್ದೇ ಕಣೇ."

ಇಬ್ಬರೂ ನಕ್ಕರು. ನಗು ಮುಗಿದಾಗ ರೊಸೇರನ ಬಾಯಿಂದ ವಾರಗಟ್ಟಲೆ ಅದುಮಿಟ್ಟ ಮಾತು ಹೊರಬಿತ್ತು.

"ಕಾನೀ, ನಾನು ಇವತ್ತು ನಿಮ್ಮವರ ಹೆಸರು ಬರೆದ್ರೆ?"

ಅವಳ ಪಕ್ಷ ಆರು ವಾರಗಳಿಂದ ಇದೇ ಒಂದು ಮಾತಿಗಾಗಿ ಹಾತೊರೆದಿತ್ತು. ತನ್ನ ಕ್ಷೇತ್ರ ಗೆಲ್ಲಿಸಿದವರಿಗೇ ಓಟು ಹಾಕುತ್ತೇನೆಂದು ಕೊಟ್ಟ ಮಾತು ಮುರಿದ ಎಲೆಕ್ಟರನ್ನು ಹಿಡಿಯುವ ಕಾನೂನಿತ್ತು, ನಿಜ. ಆದರೆ ಅದನ್ನು ನ್ಯಾಯಾಲಯದಲ್ಲಿ ಜಗ್ಗಾಡಲು ದೇಶದ ಅರ್ಧ ವಕೀಲರು ತುದಿಗಾಲಲ್ಲಿದ್ದರು. ಅವಳು ಸುಮ್ಮನೆ ತಲೆಯಾಡಿಸಿದ್ದರೆ ಸಾಕಿತ್ತು.

"ಓನೆಸಿಮ್ ಗೊತ್ತಲ್ಲ? ಪೇಪರ್ ಮಿಲ್ಲಿನವ್ನು?" ಎಂದಳು.

"ಗೊತ್ತಿಲ್ದೆ ಏನು."

"ಅವನ ಮನೆ ಬಾಗಿಲು ಮೂರು ಸಲ ತಟ್ಟಿದೀನಿ. ಒಂದು ಸಲ ಮಂಡಿವರೆಗೂ ಹಿಮ. ಕರಪತ್ರ ಕೊಟ್ರೆ, ನಾಯಿ ತಟ್ಟೆ ಕೆಳಗೆ ಹಾಕ್ಕೊಳ್ತೀನಿ ಅಂದ. ಅವನ ಓಟು ನಂಗೆ ದಕ್ಲಿಲ್ಲ, ನಿಮ್ಮವರಿಗೇ ಬಿತ್ತು. ಕೇಳಿ ಸೋತೆ. ಈಗ ಅವನನ್ನ ಒಂದು ಮಾತೂ ಕೇಳ್ದೆ, ಅದನ್ನ ತಂದು ನನ್ನ ಮಡಿಲಿಗೆ ಹಾಕ್ತೀಯಾ? ಯಾರಪ್ಪನ ಮನೆ ಗಂಟು ಅಂತ?"

"ಹೆಚ್ಚು ಜನ ನಿಮ್ಮವರಿಗೇ ಹಾಕಿದಾರಲ್ಲೇ! ನ್ಯಾಯ ಯಾವ್ದು?"

"ನಿಯಮ ಕೆಟ್ಟದ್ದು. ನಿಮ್ಮ ಪಕ್ಷದಲ್ಲಿ ಅದನ್ನ ಮೊದಲು ಹೇಳ್ದವನೇ ನೀನು. ಅದನ್ನ ಬದಲಾಯ್ಸೋಕೆ ಬಾ, ಪಕ್ಕದಲ್ಲಿ ನಿಂತ್ಕೋತೀನಿ. ಆದ್ರೆ ಇವತ್ತು ಕೈ ಜಾರಿಸಿದ್ರೆ, ಎದ್ದು ನಿಂತು ಆಕ್ಷೇಪ ಹೇಳೋ ಮೊದಲನೇ ಹೆಂಗಸು ನಾನೇ. ನೆನಪಿಟ್ಕೋ."

ಗೆಲುವು ತಾನಾಗಿ ಮಡಿಲಿಗೆ ಬೀಳುವಾಗ ಮಡಿಲು ಕೊಡವಿ ಏಳುವವರು ಎಷ್ಟು ಮಂದಿ? ಎರಡು ಲೆಕ್ಕ ಎರಡು ಉತ್ತರ ಕೊಡುವ ವ್ಯವಸ್ಥೆ ನಾಚಿಕೆಗೇಡು. ಅದನ್ನು ತಿದ್ದದೆ ದಶಕಗಳಿಂದ ಹೊದ್ದು ಮಲಗಿದವರ ಹೊಣೆಗೇಡಿತನಕ್ಕೆ ಕ್ಷಮೆಯಿಲ್ಲ. ಆದರೆ ಒಂದು ಅನ್ಯಾಯವನ್ನು ತೊಳೆಯಲು ಇನ್ನೊಬ್ಬನ ನಂಬಿಕೆಯನ್ನು ಕದ್ದು ತರಬಹುದೆಂದು ದೊಡ್ಡ ದೊಡ್ಡ ವೇದಿಕೆಗಳಿಂದ ಬೋಧಿಸುತ್ತಿದ್ದವರಿಗೆ ತಿಳಿಯದೆ ಹೋದದ್ದು, ಹಿಮದ ರಸ್ತೆಯಲ್ಲಿ ಕಾರು ನಿಲ್ಲಿಸಿಕೊಂಡಿದ್ದ ಈ ಹೆಂಗಸಿಗೆ ತಿಳಿದಿತ್ತು. ರೊಸೇರ್ ಅವಳ ಮುಖವನ್ನು ಹೊಸದಾಗಿ ಕಂಡವನಂತೆ ನೋಡಿದ. ಮೂಸ್ ಯಾವಾಗ ಕಾಡಿಗಿಳಿಯಿತೋ ಇಬ್ಬರೂ ಗಮನಿಸಲಿಲ್ಲ.

ಆಗಸ್ಟಾದ ಶಾಸನಸಭೆಯ ಭವನದಲ್ಲಿ ನಾಲ್ವರು ಎಲೆಕ್ಟರುಗಳು ತಮ್ಮೊಳಗೆ ಒಬ್ಬರನ್ನು ಆ ದಿನದ ಸಭಾಪತಿಯಾಗಿ ಆರಿಸಬೇಕಿತ್ತು. ಕಾನ್‌ಸ್ಟನ್ಸ್ ಆಯ್ಕೆಯಾದಳು. ಚೀಟಿ ಮುಂದಿಟ್ಟಾಗ ರೊಸೇರನ ಪೆನ್ನು ತುಸು ತಡೆಯಿತು. ನಾಯಿ ತಟ್ಟೆಯ ಮುಂದೆ ಕುಳಿತ ಓನೆಸಿಮ್ ಕಣ್ಣಿಗೆ ಕಟ್ಟಿದ. ತಾನು ಮಾತು ಕೊಟ್ಟ ಹೆಸರನ್ನು ರೊಸೇರ್ ಬಿಡಿಬಿಡಿಯಾಗಿ ಬರೆದು ಪೆಟ್ಟಿಗೆಗೆ ಹಾಕಿದ.

ಫಲಿತಾಂಶ ಓದುವ ಕೆಲಸ ಸಭಾಪತಿಯದು. ಮೂರು, ತನ್ನ ಅಭ್ಯರ್ಥಿಗೆ. ಒಂದು, ಎದುರಾಳಿಗೆ. ಆ ಒಂದರಲ್ಲಿ ತನ್ನ ಸೋಲು ಇದೆಯೆಂದು ತಿಳಿದೂ, ಅದನ್ನು ಕಾನ್‌ಸ್ಟನ್ಸ್ ಉಳಿದ ಮೂರಕ್ಕಿಂತ ತುಸು ಗಟ್ಟಿಯಾಗಿಯೇ ಓದಿದಳು. ಹಿಂದಿನ ಸಾಲುಗಳಿಂದ ಯಾರೋ ಛೀಮಾರಿ ಹಾಕಿದರು. ಅವಳು ಕನ್ನಡಕದ ಮೇಲಿಂದ ಆ ಕಡೆ ನೋಡಿದಳು, ಸಭೆ ತಣ್ಣಗಾಯಿತು.

ವಾಪಸು ಬರುವಾಗ ಓನೆಸಿಮನ ಮನೆಯ ಮುಂದೆ ರೊಸೇರ್ ಕಾರು ನಿಲ್ಲಿಸಹೇಳಿದ. ಬಾಗಿಲು ಬೆರಳಗಲ ತೆರೆಯಿತು.

"ನಿನ್ನ ಓಟು ತಲುಪ್ತು, ಓನೆಸಿಮ್."

"ತಲುಪ್ದೆ ಏನಾಗ್ತದೆ? ಹಾಕಿದ್ನಲ್ಲ." ಅವನ ಕಣ್ಣು ರೊಸೇರನ ಹಿಂದೆ ನಿಂತಿದ್ದ ಕಾನ್‌ಸ್ಟನ್ಸ್ ಕಡೆ ಹೋಯಿತು. "ಇವಳನ್ನ ಯಾಕೆ ಕರ್ಕೊಂಡು ಬಂದೆ?"

"ತಲುಪಿಸಿದ್ದೇ ಇವಳು."

ಓನೆಸಿಮ್ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಇನ್ನೊಂದು ಮಾತು," ಎಂದ ರೊಸೇರ್. "ಮುಂದಿನ ತಿಂಗಳು ನಾವಿಬ್ರೂ ಮತ್ತೆ ಆಗಸ್ಟಾಕ್ಕೆ ಹೋಗ್ತೀವಿ. ಹೆಚ್ಚು ಓಟು ಬಂದೋರೇ ಗೆಲ್ಲೋ ಹಾಗೆ ಮಾಡಿ ಅಂತ ಕೇಳೋಕೆ. ಆಗ ನಿನ್ನ ಓಟು ಸೋಲ್ಬೋದು."

"ಎಣಿಸಿ ಸೋತ್ರೆ ಸೋಲ್ಲಿ," ಎಂದ ಓನೆಸಿಮ್. ಬಾಗಿಲನ್ನು ಇನ್ನಷ್ಟು ತೆರೆದ. "ಒಳಗೆ ಬರೋದಾದ್ರೆ ಬನ್ನಿ, ಇಬ್ರೂ. ಚಳಿ ನುಗ್ತಿದೆ."