ಓಣಿಗೆಲ್ಲ ಒಂದೇ ಕನ್ನಡಕ

ನಮ್ಮ ಓಣಿಯಲ್ಲಿ ಒಂದು ಕನ್ನಡಕ ಇತ್ತು. ಒಬ್ಬರದಲ್ಲ, ಓಣಿಗೆಲ್ಲ ಸೇರಿ ಅದೊಂದೇ. ಇಸ್ತ್ರಿ ಅಂಗಡಿಯ ಬಾಗಿಲ ಪಕ್ಕದ ಮೊಳೆಗೆ ನೇತಾಡುತ್ತಿತ್ತು. ಇಸ್ತ್ರಿಯಣ್ಣನ ಅಪ್ಪ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದವರು. ಅವರು ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಅವರ ಕನ್ನಡಕಕ್ಕೆ ಮಾತ್ರ ಇನ್ನೂ ರಿಟೈರ್‌ಮೆಂಟ್ ಸಿಕ್ಕಿರಲಿಲ್ಲ. ಮುರಿದ ಕಡ್ಡಿಗೆ ದಾರ ಸುತ್ತಿತ್ತು. ಮಾತ್ರೆಯ ಹೆಸರು ಓದಬೇಕೆ, ಕರೆಂಟ್ ಬಿಲ್ ನೋಡಬೇಕೆ, ಮಗುವಿನ ಕಾಲಿನ ಮುಳ್ಳು ತೆಗೆಯಬೇಕೆ, ಎಲ್ಲರೂ ಅಲ್ಲಿಗೇ ಓಡುತ್ತಿದ್ದೆವು.

“ಅಣ್ಣಾ, ಸ್ವಲ್ಪ ಕಣ್ಣು ಕೊಡಿ!”

“ತಗೊಂಡ್ಹೋಗಿ. ಬೇಗ ತಂದಿಡಿ, ನಾನೂ ಪೇಪರ್ ಓದ್ಬೇಕು.”

ಹಾಕಿಕೊಂಡರೆ ತಲೆ ಸಿಡಿಯುತ್ತಿತ್ತು. ಆದರೂ ನಮಗೆ ಅದರ ಬಗ್ಗೆ ಒಂಥರಾ ಹೆಮ್ಮೆ. ಬೇರೆ ಓಣಿಯವರಿಗೆ ಇಷ್ಟು ಒಗ್ಗಟ್ಟು ಎಲ್ಲಿದೆ ಎಂದು ಮೀಸೆ ತಿರುವುತ್ತಿದ್ದೆವು. ಮೀಸೆ ಇಲ್ಲದ ನಾನೂ!

ನನ್ನ ಎದುರು ಮನೆಯವರು ಟೈಲರಮ್ಮ. ಮುಂದಿನ ಕೋಣೆಯೇ ಅವರ ಹೊಲಿಗೆ ಅಂಗಡಿ. ಕಿಟಕಿಗೆ ಒತ್ತಿ ಇಟ್ಟ ಮಿಷನ್ನು, ಪಕ್ಕದಲ್ಲಿ ಶಾಲೆ ಮಕ್ಕಳ ಯೂನಿಫಾರ್ಮಿನ ರಾಶಿ. ಬಟ್ಟೆ ಅಂಗಡಿಯ ಸಾಹುಕಾರರು ಕತ್ತರಿಸಿದ ಬಟ್ಟೆ ಕಳಿಸುತ್ತಿದ್ದರು, ಇವರು ಹೊಲಿದು ಕೊಡುತ್ತಿದ್ದರು. ಟೈಲರಮ್ಮನ ಸೊಸೆಗೆ ಪ್ಯಾಕಿಂಗ್ ಫ್ಯಾಕ್ಟರಿಯಲ್ಲಿ ಕೆಲಸ. ಆ ಹುಡುಗಿ ಬೆಳಿಗ್ಗೆ ಎದ್ದವಳೇ ಅತ್ತೆಯ ಮಿಷನ್ನಿಗೆ ದಾರ ಹಾಕಬೇಕು, ಆಮೇಲೆ ಕೈಸೂಜಿಗಳಿಗೆಲ್ಲ ಬೇರೆ ಬೇರೆ ಬಣ್ಣದ ದಾರ ಪೋಣಿಸಿ ಒಂದು ಪುಟ್ಟ ಬಟ್ಟೆ ದಿಂಬಿಗೆ ಚುಚ್ಚಿಡಬೇಕು. ಅಷ್ಟರಲ್ಲಿ ಫ್ಯಾಕ್ಟರಿ ಬಸ್ಸಿನ ಹಾರ್ನ್ ಕೇಳುತ್ತಿತ್ತು. ಟೀ ಕುಡಿಯದೆಯೇ ಅವಳು ಓಡುವುದನ್ನು ನಾನು ದಿನಾ ನೋಡುತ್ತಿದ್ದೆ. ಅತ್ತೆಗೆ ಎಂಥಾ ಗತ್ತು, ಸೂಜಿಗೆ ದಾರ ಹಾಕೋಕೂ ಆಳು ಬೇಕು ಎಂದು ನಾವೆಲ್ಲ ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದೆವು.

ಹೀಗಿರುವಾಗ ನಮ್ಮ ಓಣಿಗೆ ಕಾಲೇಜು ವಿದ್ಯಾರ್ಥಿಗಳು ಬರತೊಡಗಿದರು. ಜನರ ನಡುವೆ ಹೋಗಿ ಸೇವೆ ಮಾಡಬೇಕು, ಅದರಿಂದ ತಾವೇನು ಕಲಿತೆವು ಎಂದು ಬರೆಯಬೇಕು. ಅದಕ್ಕೆ ಕಾಲೇಜಿನಲ್ಲಿ ಮಾರ್ಕ್ಸ್ ಉಂಟಂತೆ. ನಮ್ಮ ಪಾಲಿಗೆ ಬಂದವರು ಇಬ್ಬರು. ಹುಡುಗಿಯ ಬೆನ್ನಿಗೆ ಸದಾ ಒಂದು ದೊಡ್ಡ ಕಪ್ಪು ಬ್ಯಾಗು, ಅದಕ್ಕೇ ಬ್ಯಾಗಮ್ಮ ಎಂದು ಕರೆದೆವು. ಹುಡುಗ ಇಸ್ತ್ರಿ ಅಂಗಡಿಯ ಬಾಗಿಲಿಗೆ ಹಣೆ ಬಡಿಸಿಕೊಂಡೇ ಒಳಗೆ ಬರುತ್ತಿದ್ದ, ಅವನಿಗೆ ಏಣಿ ಎಂದು ಹೆಸರಾಯಿತು. ಅಂಗಡಿಯ ಮೇಲಿನ ಕೋಣೆಯಲ್ಲಿ ಪ್ರತಿ ಶನಿವಾರ ದೊಡ್ಡವರಿಗೆ ಓದು ಬರಹ ಕಲಿಸುವುದು ಅವರ ಯೋಜನೆ.

ಟೈಲರಮ್ಮ ಮೂಗು ಮುರಿದರು. “ಇವರೂ ಅಷ್ಟೇ. ಮಾರ್ಕ್ಸ್ ಸಿಕ್ಕಿದ ಮೇಲೆ ಈ ಕಡೆ ತಲೆ ಹಾಕಿ ಕೂಡ ಮಲಗಲ್ಲ. ಹೋದ ಸಲ ಬಂದವರು ಏನ್ ಮಾಡಿದ್ರು? ಗೋಡೆ ಮೇಲೆ ಕೈ ತೊಳೆಯೋ ಚಿತ್ರ ಬರೆದು, ಅದರ ಮುಂದೆ ಫೋಟೋ ತೆಗೆಸಿಕೊಂಡು ಹೋದ್ರು. ಆ ಗೋಡೆ ಹತ್ರ ಒಂದು ನಲ್ಲಿನಾದ್ರೂ ಇದೆಯಾ?”

ಮಾತು ಸುಳ್ಳಲ್ಲ. ನಲ್ಲಿ ಇಂದಿಗೂ ಇಲ್ಲ.

ಹಾಗೆ ಹೇಳಿದವರೇ ಒಂದು ಶನಿವಾರವೂ ತಪ್ಪಿಸದೆ ಕ್ಲಾಸಿಗೆ ಬಂದರು. ಹಿಂದುಗಡೆ ಕೂತು, ಬೋರ್ಡಿನ ಮೇಲೆ ಅಂಗೈ ಅಗಲ ಬರೆದ ಅಕ್ಷರಗಳನ್ನು ಎಲ್ಲರಿಗಿಂತ ಮೊದಲು ಓದುತ್ತಿದ್ದರು. ಪುಸ್ತಕ ಕೈಗೆ ಕೊಟ್ಟರೆ ಮಾತ್ರ ಮುಖ ತಿರುಗಿಸುತ್ತಿದ್ದರು.

“ನನ್ನ ತಲೆಗೆ ಹತ್ತಲ್ಲ ಬಿಡಮ್ಮ.”

ಪಾಪ, ಬ್ಯಾಗಮ್ಮ ಇನ್ನೂ ಜೋರಾಗಿ, ಇನ್ನೂ ನಿಧಾನವಾಗಿ ‘ಅ… ಆ…’ ಎಂದು ಹೇಳಿಕೊಡುತ್ತಿದ್ದಳು. ಕಿವುಡರಿಗೆ ಹೇಳಿದ ಹಾಗೆ. ಏಣಿಯಂತೂ, ಇವರಿಗೆ ಬಾಯಿಪಾಠ ಚೆನ್ನಾಗಿದೆ, ಕಲಿಕೆ ನಿಧಾನ ಎಂದು ತೀರ್ಮಾನ ಮಾಡಿಬಿಟ್ಟಿದ್ದ.

ಆ ದಿನಗಳಲ್ಲೇ ಸಾಹುಕಾರರು ಒಂದು ಗಂಟು ಯೂನಿಫಾರ್ಮ್ ವಾಪಸ್ ಕಳಿಸಿದರು. ಕಪ್ಪು ಲಂಗಗಳ ಅಂಚಿನ ಕೈಹೊಲಿಗೆಯಲ್ಲೆಲ್ಲ ನೀಲಿ ದಾರ ಓಡಿತ್ತು. ಇನ್ನೊಂದು ಸಲ ಹೀಗಾದರೆ ಕೆಲಸ ಬೇರೆಯವರಿಗೆ ಕೊಡುತ್ತೇವೆ ಎಂದು ಹೇಳಿ ಕಳಿಸಿದ್ದರು. ಟೈಲರಮ್ಮ ಬಲ್ಬನ್ನು ಬೈದರು, ಅಂಗಡಿಯವರ ದಾರವನ್ನು ಬೈದರು. ಅಂದು ಅವರ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ ಎಂದು ಸೊಸೆ ನನ್ನ ಹತ್ತಿರ ಕಣ್ಣೀರು ಹಾಕಿದಳು.

ಮುಂದಿನ ಶನಿವಾರ ಬ್ಯಾಗಮ್ಮನ ಬ್ಯಾಗಿನ ಪಟ್ಟಿ ಕಿತ್ತುಹೋಯಿತು. ಟೈಲರಮ್ಮ ಅವಳನ್ನು ಮನೆಗೇ ಕರೆದರು. ನಾನೂ ಹಿಂದೆಯೇ ಹೋದೆ. ಕರೆದಿರಲಿಲ್ಲ, ಆದರೆ ಎದುರು ಮನೆಯವಳಿಗೆ ಕರೆಯೋಲೆ ಬೇಕೆ? ಟೈಲರಮ್ಮ ದಿಂಬಿನಿಂದ ಸೂಜಿ ತೆಗೆದು, ಬೆರಳಲ್ಲೇ ಸವರಿ ನೋಡುತ್ತಾ, ಗಟ್ಟಿಯಾಗಿ ನಾಲ್ಕು ಹೊಲಿಗೆ ಹಾಕಿ ಕೊಟ್ಟರು. ಕೈ ಓಡುವ ಚೆಂದ ನೋಡಬೇಕಿತ್ತು!

“ಥ್ಯಾಂಕ್ಸ್ ಅಮ್ಮಾ. ಕಪ್ಪು ಬ್ಯಾಗಿಗೆ ನೀಲಿ ದಾರ, ಡಿಸೈನ್ ಥರ ಕಾಣ್ತಿದೆ,” ಎಂದಳು ಹುಡುಗಿ ನಗುತ್ತಾ.

“ನೀಲಿನಾ? ಕಪ್ಪು ದಾರ ಅದು!”

ಆಗಷ್ಟೇ ಫ್ಯಾಕ್ಟರಿಯಿಂದ ಬಂದಿದ್ದ ಸೊಸೆ ತಲೆ ತಗ್ಗಿಸಿದಳು. ಹುಡುಗಿಯ ನಗು ಅಲ್ಲೇ ನಿಂತಿತು. ಟೈಲರಮ್ಮ ಆ ಬ್ಯಾಗನ್ನು ಕಿಟಕಿಯ ಬೆಳಕಿಗೆ ಹಿಡಿದರು, ಮೂಗಿಗೆ ತಾಗುವಷ್ಟು ಹತ್ತಿರ ತಂದರು. ಆಮೇಲೆ ಹುಡುಗಿಯ ಮಡಿಲಿಗೆ ಹಾಕಿ ಅಂದರು, “ಹೋಗಮ್ಮ, ನನಗೆ ಕೆಲಸ ಇದೆ.”

ಬೀದಿಗೆ ಬಂದ ಮೇಲೆ ಬ್ಯಾಗಮ್ಮ, ನಮ್ಮ ಹಿಂದೆ ಬಂದ ಸೊಸೆಯ ಕೈ ಹಿಡಿದುಕೊಂಡಳು. “ಅಕ್ಕಾ, ಅಮ್ಮನಿಗೆ ಕಣ್ಣು ಕಾಣಲ್ವಾ?”

“ಯಾರಿಗೂ ಹೇಳ್ಬೇಡ ಅಂದಿದ್ದಾರೆ. ಸಾಹುಕಾರರಿಗೆ ಗೊತ್ತಾದ್ರೆ ಕೆಲಸ ಹೋಗುತ್ತೆ ಅಂತ ಭಯ.”

“ಅದಕ್ಕೇನಾ ಅವರಿಗೆ ಓದೋದು ಬರ್ತಿಲ್ಲ?”

ಸೊಸೆ ಕಣ್ಣರಳಿಸಿದಳು. “ಓದೋದಾ? ಅತ್ತೆಗೆ ಚೆನ್ನಾಗಿ ಓದೋಕೆ ಬರುತ್ತೆ. ನನ್ನ ಗಂಡನಿಗೆ ಅಕ್ಷರ ಕಲಿಸಿದ್ದೇ ಅವರು!”

“ಮತ್ತೆ ನಮ್ಮ ಕ್ಲಾಸಿಗೆ ಯಾಕೆ ಬರ್ತಾರೆ?”

“ನೀವು ಬೋರ್ಡ್ ಮೇಲೆ ದಪ್ಪದಪ್ಪ ಬರೀತೀರಲ್ಲ, ಅದು ಕಾಣುತ್ತೆ. ಅಕ್ಷರ ನೋಡಿ ಎಷ್ಟು ದಿನ ಆಗಿತ್ತೋ ಅಂತ ಮೊದಲ ಕ್ಲಾಸಿನ ದಿನ ಮನೆಗೆ ಬಂದು ಅತ್ತರು ಕಣಮ್ಮ.”

ಅದನ್ನು ಕೇಳಿ ಆ ಹುಡುಗಿ ಬೀದಿಯಲ್ಲೇ ನಿಂತು ಅತ್ತಳು. ಬೆನ್ನ ಹಿಂದೆ ಗತ್ತು ಗಿತ್ತು ಎಂದು ಆಡಿಕೊಂಡಿದ್ದ ನಾನೂ ನಾಲಿಗೆ ಕಚ್ಚಿಕೊಂಡೆ. ಓದು ಬಲ್ಲವರಿಗೆ ಇಷ್ಟು ದಿನ ‘ಅ ಆ’ ಹೇಳಿಕೊಟ್ಟಿದ್ದರು. ನಿಮಗೆ ಏನು ಬೇಕು ಎಂದು ಒಂದು ಮಾತು ಯಾರೂ ಕೇಳಿರಲಿಲ್ಲ.

ಬ್ಯಾಗಮ್ಮ ಹೋಗಿ ಅವರ ಕಾಲೇಜಿನ ಮೇಡಂಗೆ ಎಲ್ಲವನ್ನೂ ಹೇಳಿದಳು. “ನಮ್ಮ ಪಾಠವೇ ತಪ್ಪು ಮೇಡಂ. ಅವರಿಗೆ ಬೇಕಾಗಿರೋದು ಕಣ್ಣಿನ ಪರೀಕ್ಷೆ.” ಹಾಗಾದರೆ ಪಾಠ ಬದಲಾಯಿಸಿ, ನಿಮಗೆ ಗೊತ್ತಿಲ್ಲದ್ದನ್ನು ಗೊತ್ತಿರುವವರ ಹತ್ತಿರ ಕೇಳಿ ಎಂದರಂತೆ ಮೇಡಂ. ಇಬ್ಬರೂ ಆರೋಗ್ಯ ಕೇಂದ್ರದ ನರ್ಸಮ್ಮನ ಬಾಗಿಲು ತಟ್ಟಿದರು.

ನರ್ಸಮ್ಮ ಒಂದು ಶನಿವಾರ ಇಸ್ತ್ರಿ ಅಂಗಡಿಯ ಮೇಲಿನ ಕೋಣೆಗೆ ಬಂದರು. ಗೋಡೆಗೆ ಅಕ್ಷರದ ಹಾಳೆ ಅಂಟಿಸಿ, ನಿಲ್ಲುವ ಜಾಗಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದರು. ನಾವೆಲ್ಲ ಮೆಟ್ಟಿಲ ಮೇಲೆ ಗುಂಪುಗಟ್ಟಿ ನಿಂತೆವು. ಮೊದಲು ಹೋಗಲು ಯಾರಿಗೂ ಧೈರ್ಯವಿಲ್ಲ.

“ಹೆದರೋದೇನಿದೆ? ನಾನು ಹೋಗ್ತೀನಿ, ನೋಡಿ!” ಎಂದು ಏಣಿ ಎದೆ ಉಬ್ಬಿಸಿ ಗೆರೆಯ ಮೇಲೆ ನಿಂತ. ಮೇಲಿನ ದೊಡ್ಡ ಅಕ್ಷರ ಓದಿದ. ಕೆಳಗಿನ ಸಾಲಿಗೆ ಬಂದವನು ಕಣ್ಣು ಕಿರಿದು ಮಾಡಿದ, ಕತ್ತು ಮುಂದೆ ಚಾಚಿದ.

“ಗೆರೆ ದಾಟಬಾರ್ದು ಸಾರ್,” ಎಂದರು ನರ್ಸಮ್ಮ. “ನಿಮಗೂ ಕನ್ನಡಕ ಬೇಕು.”

ಇಡೀ ಮೆಟ್ಟಿಲು ಬಿದ್ದು ಬಿದ್ದು ನಕ್ಕಿತು. “ಓ, ಬಾಗಿಲಿಗೆ ಹಣೆ ಬಡಿಯೋದು ಇದಕ್ಕೇನಾ!” ಎಂದ ಇಸ್ತ್ರಿಯಣ್ಣ. ಏಣಿಯೂ ತಲೆ ಕೆರೆದುಕೊಂಡು ನಕ್ಕ. ಆ ನಗುವಿನಲ್ಲಿ ನಮ್ಮ ನಾಚಿಕೆಯೂ ಹೋಯಿತು. ಒಬ್ಬೊಬ್ಬರಾಗಿ ಗೆರೆಯ ಮೇಲೆ ನಿಂತೆವು, ಆಮೇಲೆ ಹತ್ತಿರ ಹಿಡಿದು ಓದುವ ಚಿಕ್ಕ ಕಾರ್ಡನ್ನೂ ನೋಡಿದೆವು. ನನಗೂ ಓದುವ ಕನ್ನಡಕ ಬೇಕು ಎಂದು ಅಂದೇ ತಿಳಿಯಿತು.

ಇಸ್ತ್ರಿಯಣ್ಣ ಮೊಳೆಯ ಕನ್ನಡಕ ತಂದು ತೋರಿಸಿದ. “ಇದು ನಮ್ಮೆಲ್ಲರ ಕಣ್ಣು ಕೆಡಿಸಿತಾ ಸಿಸ್ಟರ್?”

“ಕೆಡಿಸಿಲ್ಲ. ಆದ್ರೆ ಕೆಟ್ಟಿರೋದನ್ನ ಮುಚ್ಚಿಟ್ಟಿದೆ. ನಿಮ್ಮ ಅಪ್ಪನ ಕಣ್ಣಿಗೆ ಕೊಟ್ಟಿದ್ದು ನಿಮ್ಮ ಕಣ್ಣಿಗೆ ಹೇಗೆ ಸರಿಹೋಗುತ್ತೆ? ತಲೆನೋವು ಬರೋದು ಅದಕ್ಕೇ. ಹೇಗೋ ನಡೀತಿದೆ ಅಂತ ನೀವು ಪರೀಕ್ಷೆಗೆ ಹೋಗಲ್ಲ, ಒಳಗಿನ ಕಾಯಿಲೆ ಗೊತ್ತಾಗಲ್ಲ.”

ಎಲ್ಲರೂ ಬಂದರು, ಟೈಲರಮ್ಮ ಬರಲಿಲ್ಲ. ಕೆಳಗೆ ಅವರ ಮಿಷನ್ನಿನ ಸದ್ದು ಕೇಳುತ್ತಲೇ ಇತ್ತು. ಬ್ಯಾಗಮ್ಮ ಇಳಿದು ಅವರ ಮನೆಗೆ ಹೋದಳು. ನನ್ನ ಕಾಲೂ ಅಲ್ಲಿಗೇ ಎಳೆಯಿತು.

ಟೈಲರಮ್ಮ ತಲೆ ಎತ್ತದೆ ಕೇಳಿದರು, “ಇದಕ್ಕೆಷ್ಟು ಮಾರ್ಕ್ಸ್ ಕೊಡ್ತಾರಮ್ಮ ನಿನಗೆ?”

“ಏನೂ ಇಲ್ಲಮ್ಮ. ನಮ್ಮ ಕಾಲೇಜಿನ ಲೆಕ್ಕ ಹೋದ ವಾರಾನೇ ಮುಗೀತು. ಮಾರ್ಕ್ಸ್ ಬಂದಾಯ್ತು.”

ಮಿಷನ್ನು ನಿಂತಿತು. “ಮತ್ತೆ ಯಾಕೆ ಬಂದೆ?”

“ನಿಮ್ಮನ್ನ ಕೇಳದೇ ಪಾಠ ಮಾಡ್ಬಿಟ್ಟೆ. ಇವತ್ತು ಕೇಳೋಕೆ ಬಂದೆ. ನಿಮಗೆ ಯಾವುದಕ್ಕಮ್ಮ ಭಯ?”

ಟೈಲರಮ್ಮ ಕೈಯಲ್ಲಿದ್ದ ಬಟ್ಟೆಯನ್ನು ಪಕ್ಕಕ್ಕೆ ಇಟ್ಟರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು. “ನಮ್ಮಮ್ಮನಿಗೆ ಆಪರೇಷನ್ ಮಾಡಿಸಿದ್ರು. ಬೆಳಕು ಬರಲೇ ಇಲ್ಲ. ಗೋಡೆ ಹಿಡ್ಕೊಂಡು ಓಡಾಡಿ ಸತ್ತಳು. ಮಂಜೋ ಗಿಂಜೋ, ಈಗ ಇಷ್ಟಾದ್ರೂ ಕಾಣುತ್ತೆ. ಇದೂ ಹೋದ್ರೆ ನಾನು ಏನು ಮಾಡ್ಲಿ? ಈ ಕೈಗೆ ಹೊಲಿಗೆ ಬಿಟ್ಟು ಬೇರೇನು ಗೊತ್ತು?”

ಅಷ್ಟರಲ್ಲಿ ನರ್ಸಮ್ಮ ಬಾಗಿಲಿಗೆ ಬಂದಿದ್ದರು. ಒಳಗೆ ಬಂದು, ನೆಲದ ಮೇಲೆ ಟೈಲರಮ್ಮನ ಪಕ್ಕದಲ್ಲೇ ಕೂತರು. “ನಿಮ್ಮಮ್ಮನಿಗೆ ಆಪರೇಷನ್ ಯಾವಾಗ ಆಗಿದ್ದು ಅಕ್ಕಾ?”

“ಎರಡೂ ಕಣ್ಣು ಪೂರ್ತಿ ಹೋದ್ಮೇಲೆ.”

“ಅವರಿಗೆ ಏನಾಗಿತ್ತು ಅಂತ ನೋಡದೇ ನಾನು ಹೇಳೋಕಾಗಲ್ಲ. ಆದ್ರೆ ತಡ ಮಾಡಿದಷ್ಟೂ ಕಷ್ಟ ಜಾಸ್ತಿ, ಅದು ನಿಜ. ನಿಮ್ಮ ಕಣ್ಣು ನೋಡ್ಲಾ?” ಟಾರ್ಚ್ ಬಿಟ್ಟು ನೋಡಿದರು. “ಪೊರೆ ಬಂದ ಹಾಗಿದೆ. ಕಣ್ಣೊಳಗೆ ಒಂದು ಮಸೂರ ಇರುತ್ತೆ. ವಯಸ್ಸಾಗ್ತಾ ಅದು, ಕಿಟಕಿ ಗಾಜಿಗೆ ಹೊಗೆ ಹಿಡಿದ ಹಾಗೆ ಮಬ್ಬಾಗುತ್ತೆ. ಕಪ್ಪು ಯಾವುದು, ನೀಲಿ ಯಾವುದು ಗೊತ್ತಾಗಲ್ಲ. ದೊಡ್ಡಾಸ್ಪತ್ರೆ ಕಣ್ಣಿನ ಡಾಕ್ಟರು ನೋಡಿ ಹೇಳ್ತಾರೆ. ಪೊರೆನೇ ಆಗಿದ್ರೆ ಮಬ್ಬಾದ ಮಸೂರ ತೆಗೆದು ಹೊಸದು ಹಾಕ್ತಾರೆ. ಸಾಮಾನ್ಯವಾಗಿ ಅವತ್ತೇ ಮನೆಗೆ ಬರಬಹುದು. ಆಮೇಲೆ ಹೇಳಿದಷ್ಟು ದಿನ ಔಷಧಿ ಹನಿ ಬಿಡ್ಬೇಕು, ಕಣ್ಣಿಗೆ ನೀರು ಧೂಳು ಬೀಳದ ಹಾಗೆ ನೋಡ್ಕೋಬೇಕು. ಅದನ್ನ ತಪ್ಪಿಸಬಾರ್ದು.”

“ಭಯ ಆಗುತ್ತಲ್ಲ ತಾಯೀ.”

“ಆಗ್ಲಿ. ಭಯ ಹೋದ್ಮೇಲೆ ಬರ್ತೀನಿ ಅನ್ಬೇಡಿ. ಭಯ ಇಟ್ಕೊಂಡೇ ಬನ್ನಿ.”

ಟೈಲರಮ್ಮ ಬ್ಯಾಗಮ್ಮನ ಕಡೆ ತಿರುಗಿದರು. “ಅವತ್ತು ನೀನೂ ಬರ್ತೀಯಾ?”

“ಬರ್ತೀನಮ್ಮ.”

ಹೇಳಿದ ಹಾಗೆ ಬಂದಳು. ಏಣಿಯೂ ಬಂದ, ಹೊಸ ಕನ್ನಡಕ ಹಾಕಿಕೊಂಡು. ಡಾಕ್ಟರು ಪರೀಕ್ಷೆ ಮಾಡಿ ಪೊರೆಯೇ ಎಂದರು. ಮೊದಲು ಒಂದು ಕಣ್ಣಿಗೆ, ಸ್ವಲ್ಪ ಕಾಲ ಬಿಟ್ಟು ಇನ್ನೊಂದಕ್ಕೆ ಆಪರೇಷನ್ ಆಯಿತು. ಮಗ ಹನಿ ಬಿಟ್ಟ, ಸೊಸೆ ಒಲೆಯ ಹತ್ತಿರ ಹೋಗಲು ಬಿಡಲಿಲ್ಲ. ವಿಷಯ ತಿಳಿದ ಸಾಹುಕಾರರು, ವಾಸಿಯಾಗಲಿ, ಕೆಲಸ ಎಲ್ಲಿಗೂ ಹೋಗುವುದಿಲ್ಲ ಎಂದು ಹೇಳಿ ಕಳಿಸಿದರು. ಇಷ್ಟು ದಿನ ಹೆದರಿದ್ದು ಇದಕ್ಕೇನಾ ಎಂದು ಟೈಲರಮ್ಮ ತಮ್ಮನ್ನೇ ಬೈದುಕೊಂಡರು.

ಒಂದು ದಿನ ಬ್ಯಾಗಮ್ಮ ನೋಡಲು ಬಂದಾಗ ಅವರ ಕಣ್ಣು ನೇರ ಆ ಬ್ಯಾಗಿನ ಪಟ್ಟಿಗೆ ಹೋಯಿತು. “ಅಯ್ಯೋ, ಎಂಥಾ ಅವತಾರ! ಇದನ್ನ ನಾನು ಹೊಲಿದಿದ್ದಾ? ಕೊಡಿಲ್ಲಿ, ಬಿಚ್ಚಿ ಹೊಲಿದು ಕೊಡ್ತೀನಿ.”

“ಕೊಡಲ್ಲ,” ಎಂದಳು ಹುಡುಗಿ ಬ್ಯಾಗನ್ನು ಅವುಚಿಕೊಂಡು. “ಇದು ನನ್ನ ಮಾರ್ಕ್ಸ್.”

ಹೊಲಿಯಬಹುದು ಎಂದು ಡಾಕ್ಟರು ಒಪ್ಪಿ, ಹತ್ತಿರದ್ದನ್ನು ನೋಡಲು ಸ್ವಂತ ಕನ್ನಡಕವೂ ಬಂದ ಮೇಲೆ ಇನ್ನೊಂದು ದಿನ ನಡೆದದ್ದು ಕೇಳಿ. ಅಂದು ಬೆಳಿಗ್ಗೆ ಸೊಸೆ ಎಂದಿನಂತೆ ಎದ್ದು, ಕಣ್ಣುಜ್ಜಿಕೊಂಡು ಮಿಷನ್ನಿನ ಹತ್ತಿರ ಓಡಿದಳು. ದಿಂಬು ತೆಗೆದುಕೊಂಡವಳು ಹಾಗೇ ನಿಂತಳು. ಎಲ್ಲ ಸೂಜಿಗೂ ಆಗಲೇ ದಾರ ಪೋಣಿಸಿತ್ತು. ಕಪ್ಪು ಒಂದು ಕಡೆ, ನೀಲಿ ಒಂದು ಕಡೆ.

ಅಡಿಗೆಮನೆಯಿಂದ ಅತ್ತೆಯ ದನಿ ಬಂತು. “ಬಸ್ಸಿಗಿನ್ನೂ ಹೊತ್ತಿದೆ. ಕೂತು ಟೀ ಕುಡಿ ಮಗಳೇ.”

ಅವಳು ದಿಂಬನ್ನು ಮಡಿಲಲ್ಲಿ ಇಟ್ಟುಕೊಂಡು ಕೂತು ಅತ್ತಳು. ಎದುರು ಮನೆಯ ಕಿಟಕಿಯಲ್ಲಿ ನಾನೂ.

ಓದುತ್ತಿರುವ, ಕೇಳುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಯಲ್ಲೂ ಯಾರಾದರೂ ಸೂಜಿಯನ್ನು ಇನ್ನೊಬ್ಬರ ಕೈಗೆ ಕೊಡುತ್ತಿದ್ದಾರೆಯೇ? ಓದುವ ಕಾಗದವನ್ನು ದೂರ ಹಿಡಿಯುತ್ತಿದ್ದಾರೆಯೇ, ಬಲ್ಬನ್ನು ಬೈಯುತ್ತಿದ್ದಾರೆಯೇ? ಗತ್ತು ಎನ್ನಬೇಡಿ, ಸೋಮಾರಿತನ ಎನ್ನಬೇಡಿ. ಕಣ್ಣಿನ ಪರೀಕ್ಷೆಗೆ ಕರೆದುಕೊಂಡು ಹೋಗಿ. ನಲವತ್ತು ದಾಟಿದವರು ಆಗಾಗ, ಸಕ್ಕರೆ ಕಾಯಿಲೆ ಇರುವವರು ವರ್ಷಕ್ಕೊಮ್ಮೆ ತಪ್ಪದೇ ತೋರಿಸಿಕೊಳ್ಳಿ. ಇನ್ನೊಬ್ಬರ ಕನ್ನಡಕದಲ್ಲಿ ದಿನ ದೂಡಬೇಡಿ.

ಕಾಲೇಜಿನಿಂದ ಬರುವ ಮಕ್ಕಳೇ, ನಿಮ್ಮನ್ನೂ ಒಂದು ಮಾತು ಕೇಳಿಕೊಳ್ಳುತ್ತೇನೆ. ಬನ್ನಿ, ನಮ್ಮ ಓಣಿಗೆ ನೀವು ಬೇಕು. ಸೀಮೆಸುಣ್ಣ ಕೈಗೆತ್ತಿಕೊಳ್ಳುವ ಮೊದಲು ನಮ್ಮ ಪಕ್ಕ ಕೂತು ನಮಗೇನು ಬೇಕು ಎಂದು ಕೇಳಿ. ಲೆಕ್ಕ ಮುಗಿದ ಮೇಲೂ ಒಂದು ಸಲ ಬನ್ನಿ.

ಇಸ್ತ್ರಿ ಅಂಗಡಿಯ ಮೊಳೆಯಲ್ಲಿ ಆ ಹಳೆಯ ಕನ್ನಡಕ ಈಗಲೂ ಇದೆ. ಕಣ್ಣು ಕೊಡಿ ಎಂದು ಯಾರಾದರೂ ಬಂದರೆ ಇಸ್ತ್ರಿಯಣ್ಣ ಅದನ್ನು ಕೊಡುವುದಿಲ್ಲ. ಆರೋಗ್ಯ ಕೇಂದ್ರದ ದಾರಿ ತೋರಿಸುತ್ತಾನೆ.