ಕಾರ್ಪೆಟ್ಟಿನ ಕೆಳಗಿನ ಕಿಂಡಿ

ಆ ವಸಂತದಲ್ಲಿ ಎನಿಡ್ ರಶ್‌ವರ್ತ್‌ಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಚಹಾಕ್ಕೆ ನೀರಿಟ್ಟು ಮರೆಯುವಳು. ಒಗೆದು ಒಣಗಿಸಿದ ಬಟ್ಟೆಯನ್ನೇ ಮತ್ತೆ ತೊಟ್ಟಿಗೆ ಹಾಕುವಳು.

"ಬಾಲ ಸುಟ್ಟ ಬೆಕ್ಕಿನ ಹಂಗೆ ಯಾಕೆ ಸುತ್ತುತಾ ಇದೀಯ?" ಎಂದ ಗಂಡ ವಿಲ್ಫ್, ಪತ್ರಿಕೆಯಿಂದ ತಲೆ ಎತ್ತದೆ. "ಆ ಗೋದಾಮಿನ ಮೇಲೆ ಅಷ್ಟು ಜೀವ ಇದ್ರೆ ಅದನ್ನೇ ಮದುವೆ ಆಗಬಹುದಿತ್ತು."

"ಅದು ನಿನ್ನಷ್ಟು ಗೊರಕೆ ಹೊಡೀತಿರಲಿಲ್ಲ," ಎಂದು ಎನಿಡ್ ಕೋಟು ತೊಟ್ಟು ಹೊರಟಳು.

ಎಲ್ಲಕ್ಕೂ ಕಾರಣ ಪತ್ರಿಕೆಯಲ್ಲಿ ಬಂದಿದ್ದ ಒಂದು ಜಾಹೀರಾತು. ಬ್ರಾಡ್‌ಫರ್ಡಿನ ಲಿಟಲ್ ಜರ್ಮನಿ ಎಂಬ ಹಳೆ ಪೇಟೆಯ ಆರ್ನ್‌ಹೋಲ್ಟ್ ಗೋದಾಮು ಫ್ಲ್ಯಾಟುಗಳಾಗುತ್ತಿದೆ, ಮೂರನೇ ಮಹಡಿಯಲ್ಲಿ ಒಂದು ಮಾದರಿ ಮನೆ ಸಿದ್ಧವಿದೆ, ಶನಿವಾರ ಎಲ್ಲರೂ ಬಂದು ನೋಡಬಹುದು ಎಂದಿತ್ತು.

ಉಣ್ಣೆ ಬಟ್ಟೆಯ ವ್ಯಾಪಾರಕ್ಕೆ ಹ್ಯಾಂಬರ್ಗಿನಿಂದ ಬಂದಿದ್ದ ಆರ್ನ್‌ಹೋಲ್ಟ್, ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಕಟ್ಟಿಸಿದ್ದ ಕಟ್ಟಡ ಅದು. ಐದು ಮಹಡಿ. ಬೀದಿಯ ಕಡೆ ಅರಮನೆಯ ಬಾಗಿಲು, ಅದು ಕೊಳ್ಳಲು ಬರುವ ಸಾಹುಕಾರರಿಗೆ. ಹಿಂದಿನ ಓಣಿಯಲ್ಲಿ ಒಂದು ಗಿಡ್ಡ ಬಾಗಿಲು, ಅದು ದುಡಿಯುವವರಿಗೆ. ಗಿರಣಿಗಳಿಂದ ಸುತ್ತಿ ಬಂದ ಬಟ್ಟೆಯ ಥಾನುಗಳನ್ನು ಇಲ್ಲಿ ಬೆಳಕಿಗೆ ಹಿಡಿದು ನೋಡಿ, ತಿದ್ದಿ, ಮಡಿಸಿ, ಕಟ್ಟು ಕಟ್ಟಿ ಬರ್ಲಿನ್ನಿಗೋ ಬ್ಯೂನಸ್ ಐರಿಸ್‌ಗೋ ಕಳಿಸುತ್ತಿದ್ದರು. ಎನಿಡ್ ಹದಿನೈದನೆಯ ವಯಸ್ಸಿಗೇ ಇಲ್ಲಿ ಸೂಜಿ ಹಿಡಿದಿದ್ದಳು. ಮಗ್ಗದಲ್ಲಿ ತಪ್ಪಿಹೋದ ಎಳೆಯನ್ನು ಕೈಯಿಂದ ಕೂರಿಸಿ, ಅಲ್ಲೊಂದು ತಪ್ಪಿತ್ತೆಂದು ಯಾರಿಗೂ ತಿಳಿಯದಂತೆ ಮಾಡುವುದು ಅವಳ ಕೆಲಸವಾಗಿತ್ತು. ಆಮೇಲೆ ವ್ಯಾಪಾರ ಕುಸಿಯಿತು. ಕಟ್ಟಡ ಕೆಲಕಾಲ ಹಳೆ ಪೀಠೋಪಕರಣದ ಅಂಗಡಿಯಾಯಿತು, ಕೊನೆಗೆ ಪಾರಿವಾಳಗಳ ಪಾಲಾಯಿತು.

ಐವತ್ತೆಂಟನೆಯ ವಯಸ್ಸಿನಲ್ಲಿ ಎನಿಡ್ ಮೊದಲ ಬಾರಿಗೆ ಮುಂಬಾಗಿಲಿನಿಂದ ಒಳಗೆ ಹೋದದ್ದು ಮಂಗಳವಾರ. ಮನೆ ತೋರಿಸುವ ಟ್ರೇಸಿ ಎಂಬ ಹುಡುಗಿ ಅವಳನ್ನು ನಗುನಗುತ್ತಾ ಮೂರನೇ ಮಹಡಿಗೆ ಕರೆದೊಯ್ದಳು. ಎರಕದ ಕಬ್ಬಿಣದ ಕಂಬಗಳಿಗೆ ಬಿಳಿ ಬಣ್ಣ ಬಳಿದಿದ್ದರು. ಎನಿಡ್ ಉತ್ತರದ ಕಿಟಕಿಯಿಂದ ಕಂಬಗಳನ್ನು ಎಣಿಸುತ್ತಾ ಬಂದಳು. ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಮಂಚ ಹಾಕಿದ್ದರು. ಮಂಚದ ಪಕ್ಕ ನಿಂತು ಹಿಮ್ಮಡಿಯಿಂದ ನೆಲ ತಟ್ಟಿದಳು. ಸದ್ದು ಪೊಳ್ಳಾಗಿತ್ತು.

"ಇದರ ಕೆಳಗೇನಿದೆ ಗೊತ್ತಾ?"

"ಹಳೇ ಕಾಲದ ದಪ್ಪ ಹಲಗೆ ಮೇಡಂ. ಆನೆ ನಡೆದ್ರೂ ಅಲ್ಲಾಡಲ್ಲ."

"ಇಲ್ಲಿ ಹಲಗೆ ಇಲ್ಲ ಕಣಮ್ಮ. ಕಿಂಡಿ ಇದೆ. ಕೆಳಗಿನ ಮಹಡಿಯಿಂದ ಥಾನು ಮೇಲೆಳೆಯೋ ಕಿಂಡಿ."

ಟ್ರೇಸಿ ಮೇಸ್ತ್ರಿಯನ್ನು ಕರೆದಳು. ಡೆರಿಕ್ ಸಟ್‌ಕ್ಲಿಫ್, ಹೊಟ್ಟೆ ದೊಡ್ಡದು, ದನಿ ಅದಕ್ಕಿಂತ ದೊಡ್ಡದು. ನಕ್ಷೆ ಬಿಚ್ಚಿ ತೋರಿಸಿದ. "ನೋಡಿ ಚಿನ್ನ, ಇದರಲ್ಲಿ ಎಲ್ಲಿದೆ ಕಿಂಡಿ?"

"ನಕ್ಷೆ ಬರೆದೋನು ಇಲ್ಲಿ ಕೆಲಸ ಮಾಡಿದ್ನಾ?"

ಅವಳು ಬುಧವಾರ ಹೋದಳು. ಗುರುವಾರವೂ ಹೋದಳು. "ಮತ್ತೆ ಬಂದ್ರಾ?" ಎಂದ ಡೆರಿಕ್. "ಮನೆ ಕೊಳ್ತೀರೋ, ಇಲ್ಲಾ ಹಿಂಗೇ ದಿನಾ ಬಂದು ಪುಕ್ಕಟೆ ಸಂಸಾರ ಮಾಡ್ತೀರೋ?" ಕೂಲಿಯವರು ನಕ್ಕರು. ಎನಿಡ್ ನಗರಸಭೆಗೆ ಫೋನು ಮಾಡಿದರೆ ಸೋಮವಾರ ನೋಡೋಣ ಎಂದರು. ಆದರೆ ಜನ ಬರುವುದು ಶನಿವಾರ. ಆ ಕೋಣೆಯಲ್ಲಿ ಹತ್ತು ಹನ್ನೆರಡು ಮಂದಿ ಒಟ್ಟಿಗೆ ನಿಲ್ಲುತ್ತಾರೆ.

ಶನಿವಾರ ಬೆಳಿಗ್ಗೆ, ಬಾಗಿಲು ತೆರೆಯುತ್ತಲೇ ಎನಿಡ್ ಒಳಗಿದ್ದಳು. ಟ್ರೇಸಿ ಹೂದಾನಿಗೆ ನೀರು ತರಲು ಹೋದ ಹೊತ್ತು ನೋಡಿ, ಚಕ್ರದ ಮಂಚವನ್ನು ಬದಿಗೆ ತಳ್ಳಿ, ಮಂಡಿಯೂರಿದಳು. ಚೀಲದಿಂದ ಕತ್ತರಿ ತೆಗೆದು ಹೊಚ್ಚಹೊಸ ಕಾರ್ಪೆಟ್ಟನ್ನು ಮೂರು ಕಡೆ ಸೀಳಿ ಮಗುಚಿದಳು. ಟ್ರೇಸಿಯ ಕಿರುಚಾಟಕ್ಕೆ ಡೆರಿಕ್ ಮೆಟ್ಟಿಲು ಹಾರಿ ಬಂದ.

ಕಾರ್ಪೆಟ್ಟಿನ ಕೆಳಗೆ ಕಂಡದ್ದು ಮರದ ಹೊಟ್ಟು ಒತ್ತಿ ಮಾಡಿದ ಹೊಸ ಹಾಳೆ, ಅಷ್ಟೇ. ಕತ್ತರಿ ಅದರ ಮೇಲೆ ಜಾರಿತು.

"ಈಗ ತೃಪ್ತಿ ಆಯ್ತಾ? ಪೊಲೀಸ್ರನ್ನ ಕರೀತೀನಿ ನೋಡ್ತಿರಿ!" ಡೆರಿಕ್‌ನ ಮುಖ ಬೀಟ್‌ರೂಟಾಗಿತ್ತು. "ಕಿಂಡಿಯಂತೆ ಕಿಂಡಿ! ಬಂಡೆ ಇದ್ದಂಗಿದೆ, ನೋಡಿ!" ಎಂದವನೇ ಹಾಳೆಯ ನಡುವೆ ಬೂಟುಗಾಲನ್ನು ಝಾಡಿಸಿ ಊರಿದ.

ಲಟಕ್ಕೆಂದಿತು. ಅವನ ಕಾಲು ತೊಡೆಯವರೆಗೆ ಇಳಿದುಹೋಯಿತು. ಕೆಳಗಿನ ಮಹಡಿಯಲ್ಲಿ ಚಾವಣಿಯ ಗಾರೆ ದಬದಬನೆ ಬಿತ್ತು. ಎನಿಡ್ ಅವನ ತೋಳನ್ನೂ ಪಕ್ಕದ ಕಂಬವನ್ನೂ ಒಟ್ಟಿಗೆ ಅಪ್ಪಿ ಹಿಡಿದಳು. ಟ್ರೇಸಿ ಅವನ ಬೆಲ್ಟು ಹಿಡಿದೆಳೆದಳು. ಮೂವರೂ ಗೋಡೆಗೆ ಒರಗಿ ಏದುಸಿರು ಬಿಟ್ಟರು. ಮುರಿದ ಹಾಳೆಯ ಕೆಳಗೆ ಕಂಡ ತೆಳ್ಳನೆ ಹಲಗೆಗಳು ನೀರು ಕುಡಿದು ನೆನೆದ ಬ್ರೆಡ್ಡಿನಂತಾಗಿದ್ದವು.

ಡೆರಿಕ್ ತೊಡೆ ಉಜ್ಜಿಕೊಳ್ಳುತ್ತಾ ಕೇಳಿದ: "ಯಾರಾದ್ರೂ ಬಿದ್ದಿದ್ರಾ ಇಲ್ಲಿ?"

"ಆನಿಸ್ ಫರ್ತ್. ಐವತ್ತೇಳನೇ ಇಸವೀಲಿ. ನನ್ನ ಪಕ್ಕದ ಮೇಜಿನೋಳು. ಇಪ್ಪತ್ತು ವರ್ಷದ ಹುಡುಗಿ."

ಆಗ ಕಿಂಡಿಯ ಕದದ ಅಗುಳಿ ಮುರಿದು ಮೂರು ವಾರವಾಗಿತ್ತು. ಎನಿಡ್, ಆನಿಸ್ ಇಬ್ಬರೂ ಹೋಗಿ ಮೇಲ್ವಿಚಾರಕನಿಗೆ ಹೇಳಿದ್ದರು. ಆನಿಸ್ ಥಾನು ಹೊತ್ತು ಕದದ ಮೇಲೆ ಕಾಲಿಟ್ಟ ದಿನ ಕೆಳಗಿನ ಮಹಡಿಗಳ ಕಿಂಡಿಗಳೂ ತೆರೆದಿದ್ದವು, ಅವಳು ನೆಲಮಹಡಿಯವರೆಗೆ ಬಿದ್ದಳು. ವಿಚಾರಣೆಗೆ ಅಧಿಕಾರಿ ಬಂದಾಗ ಮೇಲ್ವಿಚಾರಕ, ಹುಡುಗಿ ಅಗುಳಿ ತೆಗೆದು ಹುಡುಗಾಟ ಆಡುತ್ತಿದ್ದಳು ಎಂದ. ಅಧಿಕಾರಿ ಎನಿಡ್‌ಳತ್ತ ತಿರುಗಿದ. ಹತ್ತೊಂಬತ್ತರ ಎನಿಡ್, ಮನೆಯಲ್ಲಿ ದುಡಿಯುವ ಬೇರೆ ಕೈ ಇಲ್ಲದವಳು, "ಹೌದು" ಎಂದಳು. ಎರಡೇ ದಿನದಲ್ಲಿ ಕಿಂಡಿಗಳಿಗೆಲ್ಲ ಸಿಕ್ಕ ಹಲಗೆ ಬಡಿದು ಮುಚ್ಚಿದರು.

ಇದನ್ನು ಅವಳು ಮೂವತ್ತೊಂಬತ್ತು ವರ್ಷದಲ್ಲಿ ವಿಲ್ಫ್‌ಗೂ ಹೇಳಿರಲಿಲ್ಲ. ಈಗ ಗುರುತಿಲ್ಲದ ಇಬ್ಬರ ಮುಂದೆ ಹೇಳಿಬಿಟ್ಟಿದ್ದಳು. ಆದರೂ ಎದೆ ಹಗುರವಾಗಲಿಲ್ಲ. ಹೇಳಬೇಕಾದವರಿಗೆ ಇನ್ನೂ ಹೇಳಿರಲಿಲ್ಲ.

ಡೆರಿಕ್ ಬಾಗಿಲಿಗೆ ಬೀಗ ಹಾಕಿಸಿ, ಬಂದ ಜನರನ್ನು ವಾಪಸು ಕಳಿಸುತ್ತಿದ್ದ. ಎನಿಡ್ ಪಕ್ಕದೂರು ಶಿಪ್ಲಿಯ ಬಸ್ಸು ಹಿಡಿದಳು.

ಆನಿಸ್‌ಳ ಅಕ್ಕ ಮೂರಿಯಲ್ ಹಿಟ್ಟಿನ ಕೈಯಲ್ಲೇ ಬಾಗಿಲು ತೆರೆದಳು. ಎನಿಡ್ ಹೊಸಿಲಾಚೆ ನಿಂತೇ, ಕೋಟಿನ ಗುಂಡಿ ತಿರುವುತ್ತಾ ಎಲ್ಲವನ್ನೂ ಹೇಳಿದಳು. ಮೂರಿಯಲ್ ಒಳಗೆ ಬಾ ಎನ್ನಲಿಲ್ಲ.

"ಅಮ್ಮ ಸಾಯೋವರೆಗೂ ಅವಳನ್ನ ಬೈತಾನೇ ಇದ್ಲು," ಎಂದಳು ಕೊನೆಗೆ. "ಹುಡುಗಾಟಕ್ಕೆ ಜೀವ ಕಳಕೊಂಡ್ಲು ಅಂತ. ನಾನೂ ಬೈದೆ, ಎನಿಡ್. ಸತ್ತವಳನ್ನ ಬೈದೆ."

"ಕ್ಷಮಿಸು ಅಂತ ಕೇಳೋಕೆ ಬಂದಿಲ್ಲ."

"ಕೇಳಿದ್ರೂ ಸಿಗ್ತಿರಲಿಲ್ಲ." ಮೂರಿಯಲ್ ಏಪ್ರನ್ನಿಗೆ ಕೈ ಒರೆಸಿದಳು. "ಆ ಜಾಗ ಇನ್ನೂ ತೆರೆದಿದೆಯಾ?"

"ಸೋಮವಾರದಿಂದ ರಿಪೇರಿ. ಕಬ್ಬಿಣದ ತೊಲೆ ಹಾಕಿ ಮುಚ್ತಾರಂತೆ."

"ಇರು, ಕೋಟು ತರ್ತೀನಿ. ನಿನ್ನ ಜೊತೆ ಮಾತಾಡ್ತೀನಿ ಅಂತ ಮಾತ್ರ ತಿಳ್ಕೋಬೇಡ."

ಬಸ್ಸಿನಲ್ಲಿ ಇಬ್ಬರೂ ಬೇರೆ ಬೇರೆ ಸೀಟಿನಲ್ಲಿ ಕೂತರು. ಗೋದಾಮಿನಲ್ಲಿ ಡೆರಿಕ್ ಕುಂಟುತ್ತಾ ಬಂದು ಬೀಗ ತೆಗೆದ. ಮೂರಿಯಲ್ ಕಂಬ ಹಿಡಿದು, ಬಗ್ಗಿ, ಕೆಳಗಿನ ಕತ್ತಲೆಯನ್ನು ನೋಡಿದಳು.

"ಕೂಗಿದ್ಲಾ?"

"ನನ್ನ ಹೆಸರು ಕೂಗಿದ್ಲು."

ಮೂರಿಯಲ್ ತಲೆಯಾಡಿಸಿದಳು. ಕಣ್ಣೊರೆಸಿಕೊಳ್ಳಲಿಲ್ಲ. "ಬರೆದು ಕೊಡು," ಎಂದಳು. "ನಿನ್ನ ಕೈಯಾರೆ. ಆ ಅಗುಳಿ, ಆ ಮೂರು ವಾರ, ನೀನು ಹೌದು ಅಂದಿದ್ದು, ಎಲ್ಲಾ. ಕೆಳಗೆ ರುಜು ಹಾಕು."

ಡೆರಿಕ್ ಕಿವಿಯ ಮೇಲಿನ ಪೆನ್ಸಿಲು ತೆಗೆದು ಕೊಟ್ಟ. ಬರೆಯಲು ಕಾಗದ ಇರಲಿಲ್ಲ, ನಕ್ಷೆಯನ್ನೇ ಮಗುಚಿ ಕಿಟಕಿಯ ಕಟ್ಟೆಯ ಮೇಲೆ ಹರವಿದ. ಎನಿಡ್ ನಿಂತೇ ಬರೆಯತೊಡಗಿದಳು. ಎರಡು ಸಲ ಪೆನ್ಸಿಲಿನ ಮೊನೆ ಮುರಿಯಿತು. ಮೂರಿಯಲ್ ಅವಳ ಭುಜದ ಹಿಂದೆಯೇ ನಿಂತು, ಒಂದೊಂದು ಸಾಲನ್ನೂ ಓದಿ, ಮುಂದಿನ ಸಾಲಿಗೆ ಕಾದಳು.