ಗಸ್ತು ಬಿಟ್ಟ ಮಧ್ಯಾಹ್ನ

ಮಳೆ ಹಿಂದೆ ಸರಿದು ಬಿಸಿಲು ಗಟ್ಟಿಯಾದ ಮೇಲೆ ಆ ಅಂಗಳದಲ್ಲಿ ಮೆಕ್ಕೆಜೋಳದ ಕೆಲಸ ಬಿಟ್ಟರೆ ಬೇರೆ ಮಾತಿಲ್ಲ. ಹೊಲದಿಂದ ಮುರಿದು ತಂದ ತೆನೆ ಒಂದು ಕಡೆ ಗುಡ್ಡೆ, ಸುಲಿದ ಸಿಪ್ಪೆ ಇನ್ನೊಂದು ಕಡೆ ಗುಡ್ಡೆ. ನಡುವೆ ಅತ್ತೆ ಸೊಸೆ ಕಾಲು ಚಾಚಿ ಕೂತು ಸುಲಿಯುತ್ತಿದ್ದರು. ಆ ತುದಿಯಲ್ಲಿ ಸೊಸೆಯ ಗಂಡ ಕಾಳು ಬಿಡಿಸುವ ಯಂತ್ರಕ್ಕೆ ತೆನೆ ಉಣಿಸುತ್ತಿದ್ದ. ತೆವಳುವ ಪ್ರಾಯದ ಮಗು ಸಿಪ್ಪೆಯ ರಾಶಿಗೆ ತಲೆ ಹಾಕಿ ಸೀನುತ್ತಿತ್ತು, ಸೀನಿದ್ದೇ ಒಂದು ಆಟವೆಂಬಂತೆ ಮತ್ತೆ ತಲೆ ಹಾಕುತ್ತಿತ್ತು. ಸೊಸೆಯ ಕೈ ತೆನೆಯ ಮೇಲಿದ್ದರೂ ಕಣ್ಣು ಮಗುವಿನ ಮೇಲೆಯೇ ಇತ್ತು.

ಬೇಲಿಯ ಹತ್ತಿರ ಪೊಲೀಸ್ ಜೀಪು ನಿಂತಾಗ ಮೊದಲು ಹಿಗ್ಗಿದವಳು ಅತ್ತೆ. "ನೋಡು, ಬಂದೇ ಬಂದ್ರು. ನಾನು ಹೇಳಿರಲಿಲ್ವಾ?" ಎಂದು ಮಡಿಲಿನ ಸಿಪ್ಪೆ ಕೊಡವಿ ಎದ್ದಳು.

ಅವಳು ಹಾಗೆ ಕಾದಿದ್ದಕ್ಕೆ ಕಾರಣವಿತ್ತು. ಮಳೆಗಾಲದ ನಡುವೆ, ಕಾಲುವೆ ತುಂಬಿ ಹರಿಯುತ್ತಿದ್ದಾಗ, ಸೊಸೆ ನೀರಿಗೆ ಬಿದ್ದಿದ್ದಳು. ಗಸ್ತಿನ ಪೇದೆಯೊಬ್ಬ ಬೂಟು ಸಮೇತ ಹಾರಿ, ಸೆಳೆತದಲ್ಲಿ ಸೇತುವೆಯವರೆಗೂ ಕೊಚ್ಚಿಹೋಗಿ, ಅಂತೂ ಅವಳನ್ನು ಎಳೆದು ದಡಕ್ಕೆ ಹಾಕಿದ್ದ. ಪಾಚಿಗಟ್ಟಿದ ಮೆಟ್ಟಿಲ ಮೇಲೆ ಕಾಲು ಜಾರಿತು ಎಂದು ಮನೆಯವರಿಗೆ ತಾನೇ ಹೇಳಿ, ಒದ್ದೆ ಬಟ್ಟೆಯಲ್ಲೇ ಹೊರಟುಹೋಗಿದ್ದ. ಮರುದಿನ ಗಂಡ ಗುದ್ದಲಿ ಹಿಡಿದು ಹೋಗಿ ಮೆಟ್ಟಿಲ ಪಾಚಿಯನ್ನೆಲ್ಲ ಕೆರೆದು ಬಂದ. ಅತ್ತೆ ಅವನಿಗಿಂತ ಮುಂದೆ ಹೋದಳು. ಒಳ್ಳೆಯ ಕೆಲಸ ಮಾಡಿದ ಪೊಲೀಸರಿಗೆ ವರ್ಷಕ್ಕೊಮ್ಮೆ ಪದಕ ಕೊಡುತ್ತಾರೆಂದು ಯಾರಿಂದಲೋ ಕೇಳಿದ್ದೇ ತಡ, ಠಾಣೆಗೆ ನಡೆದು, ಈ ಸಲ ಅವನಿಗೆ ಕೊಡದಿದ್ದರೆ ನಿಮ್ಮ ಬಾಗಿಲಲ್ಲೇ ಕೂರುತ್ತೇನೆ ಎಂದು ಹೇಳಿ ಬಂದಿದ್ದಳು. ಉಪಕಾರದ ಸಾಲ ಇಟ್ಟುಕೊಂಡು ನಿದ್ದೆ ಮಾಡುವ ಜಾಯಮಾನ ಅವಳದಲ್ಲ.

ಜೀಪಿನಿಂದ ಇಳಿದದ್ದು ಇಬ್ಬರು. ಮುಂದೆ ಮೀಸೆ ನೆರೆತ ಸಾಹೇಬರು, ಹಿಂದೆ ಅದೇ ಪೇದೆ. ಪೇದೆ ಟೋಪಿಯನ್ನು ಕೈಯಲ್ಲಿ ಹಿಡಿದು ಯಂತ್ರದ ಕಡೆ ನೋಡುತ್ತ ನಿಂತ. ಸೊಸೆಯ ಕಡೆ ಅಪ್ಪಿತಪ್ಪಿಯೂ ತಿರುಗಲಿಲ್ಲ. ಅದನ್ನು ಕಂಡೇ ಇವರು ಪದಕದ ಮಾತಿಗೆ ಬಂದದ್ದಲ್ಲ ಎಂದು ಅವಳಿಗೆ ತಿಳಿಯಿತು.

"ಪೊಲೀಸ್ರು ಮನೆಗೆ ಬಂದ್ರೆ ಏನು ಕದ್ರಿ ಅಂತ ಊರು ಕೇಳುತ್ತೆ ಸಾಹೇಬ್ರೆ. ಪದಕ ತರುವಾಗ ಮೊದಲೇ ಡಂಗುರ ಹೊಡೆಸಿ" ಎಂದಳು ಅತ್ತೆ, ನೀರಿನ ಲೋಟ ಮುಂದೆ ಹಿಡಿದು.

ಸಾಹೇಬರು ನಗಲಿಲ್ಲ. ನೀರು ಕುಡಿದು, ಲೋಟವನ್ನು ಜಗಲಿಯ ಮೇಲಿಟ್ಟು, ನಿಧಾನವಾಗಿ ವಿಷಯಕ್ಕೆ ಬಂದರು. ಸೊಸೆ ನೀರಿಗೆ ಬಿದ್ದ ಆ ಮಧ್ಯಾಹ್ನ ಪೇದೆ ಇರಬೇಕಾಗಿದ್ದದ್ದು ಪೇಟೆ ರಸ್ತೆಯಲ್ಲಿ. ಅದೇ ಹೊತ್ತಿನಲ್ಲಿ ಪೇಟೆಯ ಬೀಜದ ಅಂಗಡಿಯ ಹಿಂಬಾಗಿಲು ಮುರಿದು ಯಾರೋ ಅಂಗಡಿಯನ್ನೇ ಬಳಿದುಕೊಂಡು ಹೋಗಿದ್ದರು. ಗಸ್ತಿನವನು ಎಲ್ಲಿ ಸತ್ತಿದ್ದ ಎಂದು ವ್ಯಾಪಾರಿಗಳು ಅಂದಿನಿಂದ ಕೇಳುತ್ತಲೇ ಇದ್ದರು. ಅವನು ಬಾಯಿ ಬಿಟ್ಟಿರಲಿಲ್ಲ. ಅವನು ಕಾಲುವೆಯ ಹತ್ತಿರ ಇದ್ದನೆಂದು ಠಾಣೆಗೆ ಗೊತ್ತಾದದ್ದು ಅತ್ತೆ ಹೊಗಳಲು ಬಂದ ದಿನವೇ.

"ಯಾಕೆ ಹೋದೆ ಅಂದ್ರೆ ಬೈಕಿನ ಕೆಸರು ತೊಳೆಯೋಕೆ ಹೋದೆ ಅಂತಾನೆ. ಕೆಸರು ತೊಳೆಯೋಕೆ ಗಸ್ತು ಬಿಟ್ಟವನಿಗೆ ಪದಕ ಬರಲ್ಲ ಅಮ್ಮ, ಮನೆಗೆ ಕಳಿಸೋ ಆರ್ಡರ್ ಬರುತ್ತೆ. ಅದು ನನ್ನ ಮೇಜಿನ ಮೇಲೆ ಬಂದು ಕೂತಿದೆ."

ಅತ್ತೆ ಜಗಲಿಯ ಅಂಚಿಗೆ ಕೂತಳು. ಹೊಗಳಲು ಹೋಗಿ ಅವನ ಅನ್ನಕ್ಕೆ ತಾನೇ ಕಲ್ಲು ಹಾಕಿದೆನಲ್ಲ ಎಂಬುದು ಅವಳ ಮುಖದಲ್ಲೇ ಬರೆದಿತ್ತು.

"ಆದ್ರೆ ಒಂದು ವಿಷಯ ನನಗೆ ನುಂಗೋಕಾಗ್ತಿಲ್ಲ" ಎಂದರು ಸಾಹೇಬರು. "ಇಷ್ಟು ವರ್ಷದಲ್ಲಿ ಇವನ ಬೈಕಿಗೆ ಮಳೆ ನೀರು ಬಿಟ್ಟು ಬೇರೆ ನೀರು ಬಿದ್ದಿದ್ದನ್ನ ನಾನು ನೋಡಿಲ್ಲ." ಸೊಸೆಯ ಕಡೆ ತಿರುಗಿ, ದನಿ ತಗ್ಗಿಸಿ ಕೇಳಿದರು. "ತಾಯಿ, ಇವನು ನಿನ್ನನ್ನ ಮೊದಲು ನೋಡಿದ್ದು ನೀರಲ್ಲಾ? ದಾರೀಲಾ?"

ಕೈಯಲ್ಲಿದ್ದ ತೆನೆ ಅರ್ಧ ಸುಲಿದು ನಿಂತಿತು.

ಹೆತ್ತ ಮೇಲೆ ಅವಳಿಗೆ ನಿದ್ದೆ ಹತ್ತಿರ ಸುಳಿದಿರಲಿಲ್ಲ. ಮನೆಯಲ್ಲಿ ಬೈದವರಿಲ್ಲ, ಹೊಡೆದವರಿಲ್ಲ. ಯಾಕೆ ಎಂದು ಕೇಳಿದರೆ ಎತ್ತಿ ತೋರಿಸಲು ಅವಳ ಬಳಿ ಏನೂ ಇರಲಿಲ್ಲ. ಲೋಕದ ಬಣ್ಣವೆಲ್ಲ ತೊಳೆದುಹೋಗಿ, ಮಗುವಿನ ಅಳು ಕೂಡ ಬೇರೆ ಯಾರದೋ ಮನೆಯಿಂದ ಬಂದಂತೆ ಕೇಳುತ್ತಿತ್ತು. ಆ ಮಧ್ಯಾಹ್ನ ಮಗುವನ್ನು ಅತ್ತೆಯ ಪಕ್ಕ ಮಲಗಿಸಿ ಎದ್ದು ಹೊರಟಿದ್ದಳು, ಅಷ್ಟೆ. ದಡದ ಮೇಲೆ ಏದುಸಿರು ಬಿಡುತ್ತ ಪೇದೆ ಕೇಳಿದ್ದು ಒಂದೇ ಮಾತು, ಮಗು ಇದೆಯಾ ಎಂದು. ಇದೆ ಎಂದಾಗ, ಹಾಗಾದರೆ ಕಾಲು ಜಾರಿತು ಅನ್ನಮ್ಮ, ಮಿಕ್ಕಿದ್ದು ನಾನು ನೋಡ್ಕೋತೀನಿ ಎಂದಿದ್ದ. ಆಮೇಲೆ ಮನೆಯವರು ಸೇರಿಸಿದ ಆಸ್ಪತ್ರೆಯಲ್ಲಿ ನಿದ್ದೆ ಬಂತು. ನಿದ್ದೆಯ ಹಿಂದೆಯೇ ಬಣ್ಣಗಳೂ ಒಂದೊಂದಾಗಿ ಮನೆಗೆ ಮರಳಿದವು.

ಆದರೆ ಅವನು ಯಾಕೆ ಹಾಗೆ ಹೇಳಿಸಿದನೆಂದು ಅವಳಿಗೆ ಗೊತ್ತಿತ್ತು. ನೀರಿಗೆ ಬಿದ್ದವಳ ಕೈಗೆ ಮಗುವನ್ನು ಕೊಡುತ್ತಾರೆ. ತಾನಾಗಿ ನೀರಿಗೆ ಹೋದವಳ ಕೈಗೆ ಕೊಡುವುದಿಲ್ಲ. ಹಿಂದಿನ ಬೀದಿಯ ಬಡಗಿಯ ಹೆಂಡತಿ ಹೀಗೆ ಒಮ್ಮೆ ಹೋಗಿ ಬದುಕಿ ಬಂದಿದ್ದಳು. ಅವಳ ಹೆಣ್ಣುಮಗು ಈಗಲೂ ಅಜ್ಜಿಯ ಮನೆಯಲ್ಲೇ ಬೆಳೆಯುತ್ತಿದೆ, ತಾಯಿಯನ್ನು ಕಂಡರೆ ಅಜ್ಜಿಯ ಬೆನ್ನ ಹಿಂದೆ ಅಡಗುತ್ತದೆ.

"ಸಾರ್, ಅವರನ್ನ ಬಿಡಿ" ಎಂದ ಪೇದೆ, ಮೊದಲ ಸಲ ಬಾಯಿ ತೆರೆದು. "ಬೈಕ್ ತೊಳೆಯೋಕೇ ಹೋಗಿದ್ದೆ. ಹಾಗೇ ಬರ್ಕೊಳ್ಳಿ."

ತಪ್ಪಿಸಿಕೊಳ್ಳಲು ಅವನೇ ಅವಳಿಗೆ ಬಾಗಿಲು ತೆರೆದು ಹಿಡಿದಿದ್ದ. ಅವಳು ಸುಮ್ಮನಿದ್ದರೆ ಸಾಕಿತ್ತು. ಯಂತ್ರ ಗಡಗಡ ಎನ್ನುತ್ತಿತ್ತು. ಸಾಹೇಬರು ಇನ್ನಷ್ಟು ಹೊತ್ತು ಕಾದು, ಉಸಿರು ಬಿಟ್ಟು, ಜೀಪಿನ ಕಡೆ ತಿರುಗಿದರು. ಪೇದೆ ಟೋಪಿ ತಲೆಗಿಟ್ಟುಕೊಂಡ. ಅವನ ಕುತ್ತಿಗೆಯ ಹಿಂದೆ ಬೆವರು ಅಂಗಿಯೊಳಗೆ ಇಳಿಯುತ್ತಿದ್ದದ್ದು ಅವಳಿಗೆ ಕಾಣಿಸಿತು.

"ದಾರೀಲಿ" ಎಂದಳು.

ಸಾಹೇಬರು ನಿಂತರು.

"ದಾರೀಲಿ ನೋಡಿದ್ರು. ನನ್ನ ಕಾಲು ಜಾರಲಿಲ್ಲ. ನಾನೇ ಹೋಗಿದ್ದು."

ಗಂಡ ಕೈಯಲ್ಲಿ ತೆನೆ ಹಿಡಿದು ಹಾಗೇ ನಿಂತಿದ್ದ. ಯಂತ್ರ ಬರಿಹೊಟ್ಟೆಯಲ್ಲಿ ತಿರುಗುತ್ತ ಕಿವಿ ಕೊರೆಯುವಂತೆ ಕಿರುಚಿತು. ಅವನು ತಡವರಿಸಿ ಅದನ್ನು ನಿಲ್ಲಿಸಿದ. "ನಾನು ಹೋಗಿ ಪಾಚಿ ಕೆರೆದು ಬಂದೆ" ಎಂದ, ಯಾರಿಗೆಂದು ಇಲ್ಲದೆ. ಮತ್ತೆ ಅದನ್ನೇ ಹೇಳಲು ಹೊರಟು, ಬಾಯಿ ಮುಚ್ಚಿಕೊಂಡ.

ಅತ್ತೆ ಎದ್ದು ಹೋಗಿ ಸಿಪ್ಪೆಯ ರಾಶಿಯಿಂದ ಮಗುವನ್ನು ಎತ್ತಿ, ಸೊಂಟಕ್ಕೆ ಒತ್ತಿಕೊಂಡು, ಅಂಗಳದ ಆ ಬದಿಗೆ ಹೋಗಿ ನಿಂತಳು. ಸೊಸೆ ಅದನ್ನು ನೋಡಿದಳು. ತಲೆ ತಗ್ಗಿಸಲಿಲ್ಲ.

ನಿನಗೆ ಹೇಗೆ ಗೊತ್ತಾಯಿತು ಎಂದು ಸಾಹೇಬರು ಪೇದೆಯನ್ನು ಕೇಳಿದರು. ಅವನು ಬೂಟಿನ ತುದಿ ನೋಡುತ್ತ ಹೇಳಿದ. "ಹುಲ್ಲು ಕೊಯ್ಯೋ ಕಾಲ ಸಾರ್. ಕಾಲುವೆ ಕಡೆ ಹೋಗೋ ಹೆಂಗಸಿನ ಕೈಲಿ ಕುಡುಗೋಲೋ ಹಗ್ಗನೋ ಇರುತ್ತೆ, ಇಲ್ಲ ಬಟ್ಟೆ ಗಂಟಾದ್ರೂ ಇರುತ್ತೆ. ಇವರು ಪೇಟೆ ರಸ್ತೆ ದಾಟಿ ಬರಿಗೈಲಿ ಹೋಗ್ತಿದ್ರು. ನಾನು ಹಾದು ಮುಂದೆ ಹೋದೆ. ಅಂಗಡಿಸಾಲಿನ ತನಕ ಹೋದೆ. ಮನಸ್ಸು ತಡೀಲಿಲ್ಲ, ತಿರುಗಿಸಿದೆ."

"ಇದನ್ನ ಮೊದಲೇ ಬೊಗಳೋಕೆ ಏನಾಗಿತ್ತು ನಿನಗೆ?"

ಪೇದೆ ಅತ್ತೆಯ ಕಡೆ ನೋಡಿದ. ಅಂಗಳದ ಆ ಬದಿಯಲ್ಲಿ ಮಗುವನ್ನು ಅವುಚಿಕೊಂಡು ನಿಂತ ಮುದುಕಿಯೇ ಉತ್ತರವಾಗಿದ್ದಳು.

ಸಾಹೇಬರು ಮೀಸೆ ಒರೆಸಿಕೊಂಡರು. "ಗಸ್ತು ಅಂದ್ರೆ ಇದೇ ಕಣಯ್ಯ. ಬಾಗಿಲು ಕಾಯೋದಾದ್ರೆ ಬೀಗ ಸಾಲದಾ?" ಎಂದರು. ದಾರಿಯಲ್ಲಿ ಒಬ್ಬರ ಜೀವಕ್ಕೆ ಅಪಾಯ ಕಂಡು ಗಾಡಿ ತಿರುಗಿಸಿದ ಎಂದು ಬರೆಯುತ್ತೇನೆ, ಯಾರ ಹೆಸರನ್ನೂ ಪದಕ ಕೊಡುವ ಸಭೆಯಲ್ಲಿ ಓದುವುದಿಲ್ಲ, ಈ ತಾಯಿಯ ಮೇಲೆ ಕೇಸೂ ಇಲ್ಲ ಎಂದು ಗಂಡನಿಗೆ ಕೇಳುವಂತೆ ಹೇಳಿದರು. ಮನೆಗೆ ಕಳಿಸುವ ಆರ್ಡರನ್ನು ತಾವೇ ವಾಪಸು ಕಳಿಸುವುದಾಗಿಯೂ, ಪದಕಕ್ಕೆ ತಾವೇ ಶಿಫಾರಸು ಮಾಡುವುದಾಗಿಯೂ ಹೇಳಿ ಜೀಪು ಹತ್ತಿದರು.

ಪೇದೆ ಒಂದು ಗಳಿಗೆ ಹಿಂದೆ ಉಳಿದ. "ಹೇಳಬಾರದಿತ್ತು ಅಮ್ಮ" ಎಂದ ಮೆಲ್ಲಗೆ. "ನನಗೆ ಬೇರೆ ಕೆಲಸ ಸಿಗ್ತಿತ್ತು."

"ನನ್ನ ಹೊರೆ ನೀವು ಎಷ್ಟು ದಿನ ಅಂತ ಹೊರ್ತೀರಿ ಅಣ್ಣ?" ಎಂದಳು ಅವಳು. "ಇಷ್ಟು ದಿನ ಹೊತ್ತಿದ್ದೇ ಸಾಕು."

ಜೀಪು ಹೋಯಿತು. ಗಂಡ ಯಂತ್ರವನ್ನು ಮತ್ತೆ ಚಾಲೂ ಮಾಡಲಿಲ್ಲ. ಬಂದು ಹೆಂಡತಿಯ ಎದುರು ಕೂತು, ಗುಡ್ಡೆಯಿಂದ ಒಂದು ತೆನೆ ಎಳೆದುಕೊಂಡು ಸುಲಿಯತೊಡಗಿದ. ಅಭ್ಯಾಸವಿಲ್ಲದ ಕೈ, ಸಿಪ್ಪೆಗಿಂತ ಉಗುರೇ ಹೆಚ್ಚು ಕಿತ್ತುಬಂತು. ಬಿಸಿಲು ಬೇಲಿ ದಾಟಿ ಹೋಗುವವರೆಗೂ ಇಬ್ಬರೂ ಸುಲಿದರು.

ಅತ್ತೆ ಮಗುವನ್ನು ಇಳಿಸಲಿಲ್ಲ. ಎತ್ತಿಕೊಂಡೇ ದನದ ಹಟ್ಟಿಗೆ ಹೋದಳು, ಎತ್ತಿಕೊಂಡೇ ಒಲೆ ಹಚ್ಚಿದಳು. ಮಗು ಹಸಿದು ರಚ್ಚೆ ಹಿಡಿಯಿತು. ಬೆಲ್ಲ ನೆಕ್ಕಿಸಿದರೆ ಉಗುಳಿತು, ತೂಗಿದರೆ ಇನ್ನೂ ಜೋರು ಮಾಡಿತು. ಸೊಸೆಯ ಎದೆಯ ಹಾಲು ತಾನಾಗಿ ಸೋರಿ ಬಟ್ಟೆ ನೆನೆಯಿತು. ಕೊಡಿ ಎಂದು ಅವಳು ಕೇಳಲಿಲ್ಲ. ಕೇಳುವ ಹಕ್ಕನ್ನು ಮಧ್ಯಾಹ್ನವೇ ಬಿಟ್ಟುಕೊಟ್ಟ ಹಾಗೆ ತುಟಿ ಕಚ್ಚಿ ಸುಲಿಯುತ್ತಲೇ ಇದ್ದಳು.

ಕೊನೆಗೆ ಅತ್ತೆ ಹೊರಗೆ ಬಂದಳು. ಸ್ವಲ್ಪ ಹೊತ್ತು ನಿಂತು ನೋಡಿದಳು. ಆಮೇಲೆ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತು, ಮಗುವನ್ನು ಸೊಸೆಯ ಮಡಿಲಿಗೆ ಹಾಕಿದಳು.

"ಕುಡಿಸು" ಎಂದಳು. "ನಾನು ಇಲ್ಲೇ ಇರ್ತೀನಿ."

ಮಗು ಗಬಕ್ಕನೆ ಬಾಯಿ ಹಾಕಿತು. ಅತ್ತೆಯ ಕೈ ಅದರ ಪುಟ್ಟ ಪಾದವನ್ನು ಹಿಡಿದೇ ಇತ್ತು, ಬಿಡಲಿಲ್ಲ. ಸೊಸೆಯೂ ಬಿಡಿಸಿಕೊಳ್ಳಲು ಹೋಗಲಿಲ್ಲ.